ಬಳ್ಳಿ, ಸುಳಿ, ಚುಕ್ಕಿ: ವೆಕ್ಟರ್ ತಂತ್ರಾಂಶದಲ್ಲಿ ಬಾಗಿದ, ಮರುಕಳಿಸುವ ಆಕಾರಗಳನ್ನು ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು, ಸೀರೆಯ ಅಂಚಿಗೆ ವಿನ್ಯಾಸ ಬರೆಯುವವರು, ಬೀಟೆ ಮರದಲ್ಲಿ ಚಿತ್ತಾರ ಕೂರಿಸುವವರು, ಅಜ್ಜಿಯ ರಂಗೋಲಿ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಲು ಹೊರಟವರು, ಹೀಗೆ ಬೇರೆ ಬೇರೆ ಕೆಲಸದವರು ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಆಮೇಲೆ. ಯಾವುದೇ ಉತ್ತರವನ್ನು ಬಿಡಿಯಾಗಿ ಓದಿಕೊಳ್ಳಬಹುದು.

## ಗೆರೆ ಕೂರುವ ತನಕ

ಪೇಂಟ್‌ನಲ್ಲಿ ಬರೆದ ಹೂವನ್ನು ಫ್ಲೆಕ್ಸ್‌ಗೆ ಕೊಟ್ಟರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ, ಯಾಕೆ?

ಪೇಂಟ್‌ನಂಥ ತಂತ್ರಾಂಶವು ಚಿತ್ರವನ್ನು ಬಣ್ಣದ ಸಣ್ಣ ಚೌಕಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಚಿತ್ರವನ್ನು ಹಿಗ್ಗಿಸಿದಾಗ ಚೌಕಗಳೂ ಹಿಗ್ಗಿ ಕಣ್ಣಿಗೆ ಬೀಳುತ್ತವೆ. ವೆಕ್ಟರ್ ತಂತ್ರಾಂಶವು ನೆನಪಿಟ್ಟುಕೊಳ್ಳುವುದು ಚೌಕಗಳನ್ನಲ್ಲ. ಗೆರೆ ಎಲ್ಲಿ ಹೊರಟು, ಯಾವ ದಿಕ್ಕಿಗೆ ಬಾಗಿ, ಎಲ್ಲಿಗೆ ಸೇರಬೇಕು ಎಂಬ ಲೆಕ್ಕವನ್ನು. ಆ ಲೆಕ್ಕವನ್ನು ಪ್ರತಿ ಅಳತೆಗೂ ಹೊಸದಾಗಿ ಮಾಡುವುದರಿಂದ, 3 ಇಂಚಿನ ಕಾರ್ಡಿಗೆ ಬರೆದ ಹೂವನ್ನೇ 30 ಅಡಿಯ ಸ್ವಾಗತ ಕಮಾನಿಗೂ ಬಳಸಬಹುದು.

ಪ್ರೆಸ್‌ನವರು ಕೋರೆಲ್ ಕಲಿ ಅಂತಾರೆ, ಮಗ ಇಂಕ್‌ಸ್ಕೇಪ್ ಸಾಕು ಅಂತಾನೆ. ಯಾವುದನ್ನು ಹಿಡಿಯಲಿ?

ಕೆಲಸ ಕೊಡುವ ಪ್ರೆಸ್ಸು ಈಗಾಗಲೇ ಗೊತ್ತಿದ್ದರೆ ಅಲ್ಲಿ ಬಳಸುವುದನ್ನೇ ಕಲಿಯಿರಿ. ಇಲ್ಲವಾದರೆ ಇಂಕ್‌ಸ್ಕೇಪ್‌ನಿಂದ ಆರಂಭಿಸುವುದು ಒಳ್ಳೆಯದು: ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುತ್ತದೆ, ಮತ್ತು ಒಂದೇ ಆಕಾರವನ್ನು ಮರುಕಳಿಸುವ ಸೌಕರ್ಯ ಅದರಲ್ಲಿ ಧಾರಾಳವಾಗಿದೆ. ಹೆಸರಾಂತ ವೆಕ್ಟರ್ ತಂತ್ರಾಂಶಗಳ ಪೈಕಿ ಇಲ್ಲಸ್ಟ್ರೇಟರ್ 1987ರಲ್ಲಿ, ಕೋರೆಲ್ ಡ್ರಾ 1989ರಲ್ಲಿ, ಇಂಕ್‌ಸ್ಕೇಪ್ 2003ರಲ್ಲಿ ಬಂದವು. ಮೂರರಲ್ಲಿಯೂ ಬಾಗುವ ಗೆರೆಯ ಹಿಂದಿರುವ ಗಣಿತ ಒಂದೇ ಆದ್ದರಿಂದ ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ಬಹಳ ತಡಕಾಡುವುದಿಲ್ಲ. ಕೀಲಿಗಳು ಮಾತ್ರ ಬೇರೆ. ಕಂಟ್ರೋಲ್ ಮತ್ತು ಡಿ ಒತ್ತಿದರೆ ಇಲ್ಲಸ್ಟ್ರೇಟರ್ ಹಿಂದಿನ ಚಲನೆಯನ್ನು ಇನ್ನೊಮ್ಮೆ ಮಾಡುತ್ತದೆ. ಅದೇ ಕೀಲಿಗೆ ಇಂಕ್‌ಸ್ಕೇಪ್ ಬರೀ ನಕಲು ತೆಗೆಯುತ್ತದೆ. ಕೋರೆಲ್‌ನಲ್ಲಿ ಹಿಂದಿನ ಕೆಲಸವನ್ನು ಮರಳಿ ಮಾಡಿಸಲು ಕಂಟ್ರೋಲ್ ಮತ್ತು ಆರ್. ಮುಂದಿನ ಉತ್ತರಗಳಲ್ಲಿ ಹೇಳಿರುವ ಮೆನು ಮತ್ತು ಕೀಲಿಗಳು ಇಂಕ್‌ಸ್ಕೇಪ್‌ನವು.

ಮೌಸ್ ಹಿಡಿದು ಬಳ್ಳಿ ಎಳೆದರೆ ಚಳಿಗೆ ನಡುಗಿದ ಹಾಗಿರುತ್ತೆ. ನನ್ನ ಕೈ ಸರಿಯಿಲ್ಲವಾ?

ಕೈಯನ್ನು ದೂರಬೇಕಾಗಿಲ್ಲ, ಹಿಡಿದ ಸಲಕರಣೆ ತಪ್ಪು. ಪೆನ್ಸಿಲ್ ಸಲಕರಣೆಯು ನಿಮ್ಮ ಕೈಯ ಒಂದೊಂದು ಅಲುಗಾಟವನ್ನೂ ಒಂದೊಂದು ನೋಡ್ ಆಗಿ, ಅಂದರೆ ಗೆರೆ ಹಾದುಹೋಗುವ ಬಿಂದುವಾಗಿ, ಬರೆದಿಡುತ್ತದೆ. ಬದಲಿಗೆ ಬಿ ಕೀಲಿ ಒತ್ತಿ ಪೆನ್ ಸಲಕರಣೆಯನ್ನು ತೆಗೆದುಕೊಳ್ಳಿ. ಇದರಲ್ಲಿ ಗೆರೆಯನ್ನು ಎಳೆಯುವುದಿಲ್ಲ. ಗೆರೆ ಹಾದುಹೋಗಬೇಕಾದ ಕೆಲವೇ ಬಿಂದುಗಳನ್ನು ಇಟ್ಟು, ಅಲ್ಲಿ ಗೆರೆ ಯಾವ ದಿಕ್ಕಿಗೆ ಎಷ್ಟು ರಭಸದಿಂದ ಹೊರಡಬೇಕೆಂದು ಹ್ಯಾಂಡಲ್ (ಬಿಂದುವಿನಿಂದ ಹೊರಚಾಚುವ ಹಿಡಿ) ಎಳೆದು ಹೇಳುತ್ತೇವೆ. ಚುಕ್ಕಿ ಇಟ್ಟುಕೊಂಡು ಆಮೇಲೆ ಎಳೆ ಸುತ್ತುವ ಅಭ್ಯಾಸವಿರುವ ಹೆಂಗಸರು ಇದನ್ನು ಎಂಜಿನಿಯರಿಂಗ್ ಓದಿದವರಿಗಿಂತ ಬೇಗ ಕಲಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಈ ಗೆರೆಗೆ ಬೆಜಿಯೇ ವಕ್ರರೇಖೆ ಎಂದು ಹೆಸರು. ಫ್ರಾನ್ಸಿನ ರೆನೋ ಕಾರ್ ಕಂಪನಿಯಲ್ಲಿದ್ದ ಪಿಯರ್ ಬೆಜಿಯೇ ಇದನ್ನು ಪ್ರಸಿದ್ಧಿಗೆ ತಂದರು. ಅದಕ್ಕೂ ಸ್ವಲ್ಪ ಮುಂಚೆ, 1959ರಲ್ಲಿ, ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೋ ಇದೇ ಲೆಕ್ಕವನ್ನು ಕಂಡುಕೊಂಡಿದ್ದರು. ಕಾರಿನ ಮೈಯ ಬಾಗು ಎಲ್ಲಿಯೂ ಮುರಿಯದಂತೆ ವಿವರಿಸುವುದು ಅವರಿಬ್ಬರ ಅಗತ್ಯವಾಗಿತ್ತು. ಬಳ್ಳಿಗೆ ಬೇಕಾದದ್ದೂ ಅದೇ.

ನೋಡ್ ಎಲ್ಲೆಲ್ಲಿ ಇಡಬೇಕು ಅನ್ನೋದೇ ಗೊತ್ತಾಗಲ್ಲ. ಒಂದು ಲೆಕ್ಕ ಇದೆಯಾ?

ಇದೆ. ಬಾಗು ತನ್ನ ಅತಿ ಮೇಲಿನ, ಅತಿ ಕೆಳಗಿನ, ಅತಿ ಎಡದ ಮತ್ತು ಅತಿ ಬಲದ ತುದಿ ಮುಟ್ಟುವಲ್ಲಿ ನೋಡ್ ಇಡಿ, ಅಲ್ಲಿ ಹ್ಯಾಂಡಲನ್ನು ನೇರ ಅಡ್ಡಕ್ಕೋ ನೇರ ಉದ್ದಕ್ಕೋ ಮಲಗಿಸಿ. ಕನ್ನಡದ ಠ ಅಕ್ಷರವನ್ನು ನೆನಪಿಸಿಕೊಳ್ಳಿ: ಹೊರಗಿನ ದುಂಡಿಗೆ ನಾಲ್ಕೇ ನೋಡ್ ಸಾಕು. ಅಕ್ಷರವಿನ್ಯಾಸ ಮಾಡುವವರು ಈ ನಿಯಮವನ್ನು ಬಿಡದೆ ಪಾಲಿಸುತ್ತಾರೆ.

ಹ್ಯಾಂಡಲಿನ ಉದ್ದಕ್ಕೂ ಒಂದು ಅಂದಾಜಿದೆ. ನಾಲ್ಕು ನೋಡ್‌ಗಳ ವೃತ್ತದಲ್ಲಿ ಪ್ರತಿ ಹ್ಯಾಂಡಲಿನ ಉದ್ದ ತ್ರಿಜ್ಯದ 0.5523 ಪಾಲು ಇರಬೇಕು. ಅಂದರೆ 50 ಮಿಲಿಮೀಟರ್ ತ್ರಿಜ್ಯದ ವೃತ್ತಕ್ಕೆ 27.6 ಮಿಲಿಮೀಟರ್. ಬೆಜಿಯೇ ಗೆರೆಯಿಂದ ಪರಿಪೂರ್ಣ ವೃತ್ತ ಬರುವುದೇ ಇಲ್ಲ ಎಂಬುದು ನಿಜ, ಆದರೆ ಈ ಉದ್ದದಲ್ಲಿ ಉಳಿಯುವ ತಪ್ಪು ತ್ರಿಜ್ಯದ ಶೇಕಡ 0.03ಕ್ಕಿಂತ ಕಡಿಮೆ, ಯಾವ ಅಚ್ಚಿನಲ್ಲಿಯೂ ಕಾಣದು. ವೃತ್ತವಲ್ಲದ ಬಾಗುಗಳಿಗೆ, ಎರಡು ನೋಡ್‌ಗಳ ನಡುವಿನ ಗೆರೆಯ ಉದ್ದದ ಸುಮಾರು ಮೂರನೆಯ ಒಂದು ಭಾಗದಿಂದ ಆರಂಭಿಸಿ ಕಣ್ಣಳತೆಯಲ್ಲಿ ತಿದ್ದಿಕೊಳ್ಳಿ.

ನೋಡ್ ಹೆಚ್ಚಾದಷ್ಟೂ ಗೆರೆ ಕೆಡುತ್ತದೆ. ಒಂದನ್ನು ಅಳಿಸಿ ನೋಡಿ. ಆಕಾರ ಹೆಚ್ಚೇನೂ ಬದಲಾಗದಿದ್ದರೆ ಅದು ಅಲ್ಲಿ ಬೇಕಾಗಿರಲೇ ಇಲ್ಲ.

ಮಾವಿನಕಾಯಿ ಬರೆದರೆ ತೊಟ್ಟಿನ ಹತ್ತಿರ ಮೊನೆ ಬರದೆ ಉಂಡೆ ಆಗುತ್ತೆ

ಆ ನೋಡ್ ನಯವಾದ ಬಗೆಯದಾಗಿರುತ್ತದೆ. ನೋಡ್ ಸಲಕರಣೆಯಿಂದ ಅದನ್ನು ಆರಿಸಿ ಶಿಫ್ಟ್ ಮತ್ತು ಸಿ ಒತ್ತಿದರೆ ಮೊನೆಯ ಬಗೆಗೆ ತಿರುಗುತ್ತದೆ, ಎರಡು ಹ್ಯಾಂಡಲ್‌ಗಳೂ ಸ್ವತಂತ್ರವಾಗುತ್ತವೆ. ನಯವಾಗಿಸಲು ಶಿಫ್ಟ್ ಮತ್ತು ಎಸ್. ಮಾವಿನಕಾಯಿಗೆ ಮೊನೆಯ ನೋಡ್ ಒಂದು, ನಯದವು ಮೂರು ಇದ್ದರೆ ಸಾಕು.

## ಒಂದು ಬರೆದು ಹಲವು ಮಾಡುವುದು

ಹನ್ನೆರಡು ದಳದ ಹೂವಿಗೆ ಒಂದೊಂದು ದಳವನ್ನೂ ಕೈಯಲ್ಲೇ ತಿರುಗಿಸಿ ಇಟ್ಟೆ, ಕೊನೆಯದು ಮೊದಲನೆಯದರ ಮೇಲೆ ಹತ್ತಿ ಕೂತಿದೆ

ಕಣ್ಣಳತೆಯಲ್ಲಿ ತಿರುಗಿಸುವಾಗ ಪ್ರತಿ ದಳದಲ್ಲಿ ಒಂದು ಡಿಗ್ರಿ ಹೆಚ್ಚಾದರೂ ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ಹನ್ನೊಂದು ಡಿಗ್ರಿ ಕೂಡಿಕೊಂಡಿರುತ್ತದೆ. ತಿರುಗಿಸುವ ಕೆಲಸವನ್ನು ಯಂತ್ರಕ್ಕೆ ಬಿಡಿ. ದಳದ ಮೇಲೆ ಎರಡು ಸಲ ಬಿಡಿಬಿಡಿಯಾಗಿ ಕ್ಲಿಕ್ ಮಾಡಿದರೆ ನಡುವೆ ಸಣ್ಣ ಕೂಡು ಗುರುತು ಕಾಣುತ್ತದೆ. ಅದೇ ತಿರುಗುವ ಕೇಂದ್ರ. ಅದನ್ನು ಎಳೆದು ಹೂವಿನ ನಡುಬಿಂದುವಿಗೆ ತನ್ನಿ. ಬಳಿಕ ಎಡಿಟ್ ಮೆನುವಿನ ಕ್ಲೋನ್ ಅಡಿಯಲ್ಲಿ 'ಕ್ರಿಯೇಟ್ ಟೈಲ್ಡ್ ಕ್ಲೋನ್ಸ್' ತೆರೆದು, ಸಿಮಿಟ್ರಿಯಲ್ಲಿ ಮೊದಲನೆಯದಾದ ಸರಳ ಸ್ಥಳಾಂತರವನ್ನು ಆರಿಸಿ, ಸಾಲು 1, ಕಂಬ 12 ಎಂದು ಕೊಡಿ. ಶಿಫ್ಟ್ ಪುಟದಲ್ಲಿ ಪ್ರತಿ ಕಂಬಕ್ಕೆ ಅಡ್ಡ ಸರಿತ ಮೈನಸ್ 100 ಶೇಕಡ, ರೊಟೇಷನ್ ಪುಟದಲ್ಲಿ ಪ್ರತಿ ಕಂಬಕ್ಕೆ 30 ಡಿಗ್ರಿ.

ಮೈನಸ್ 100 ಏಕೆಂದು ಎಲ್ಲರೂ ಕೇಳುತ್ತಾರೆ. ಈ ಸಲಕರಣೆ ಹುಟ್ಟಿರುವುದೇ ಹೆಂಚು ಹೊದಿಸಿದಂತೆ ಒಂದರ ಪಕ್ಕ ಒಂದನ್ನು ಇಡಲು. ಹೂವಿನ ದಳಗಳು ಪಕ್ಕಕ್ಕೆ ಸರಿಯಬಾರದು, ಇದ್ದಲ್ಲೇ ತಿರುಗಬೇಕು. ಆದ್ದರಿಂದ ಅದು ಮುಂದಿಟ್ಟಷ್ಟೇ ಹೆಜ್ಜೆಯನ್ನು ನಾವು ಹಿಂದಕ್ಕೆ ಎಳೆಯುತ್ತೇವೆ. ಮೊದಲ ಪ್ರತಿ ಮೂಲ ದಳದ ಮೇಲೆಯೇ ಕೂರುತ್ತದೆ ಎಂಬುದನ್ನು ಮರೆಯಬೇಡಿ.

ನಕಲು ತೆಗೆಯೋದಕ್ಕೂ ಕ್ಲೋನ್ ಮಾಡೋದಕ್ಕೂ ಏನು ವ್ಯತ್ಯಾಸ?

ನಕಲು ಮೂಲದಿಂದ ಬೇರೆಯಾಗಿ ಬಾಳುತ್ತದೆ. ಕ್ಲೋನ್ ಮೂಲದ ನೆರಳು: ಮೂಲ ದಳವನ್ನು ತಿದ್ದಿದ ಕೂಡಲೇ ಹನ್ನೆರಡೂ ತಿದ್ದಿಕೊಳ್ಳುತ್ತವೆ. ಗಿರಾಕಿಯು "ದಳ ಸ್ವಲ್ಪ ದಪ್ಪ ಮಾಡಿ" ಎನ್ನದೆ ಹೋದ ಉದಾಹರಣೆ ನನಗೆ ನೆನಪಿಲ್ಲವಾದ್ದರಿಂದ, ಕೆಲಸ ಒಪ್ಪಿಗೆಯಾಗುವ ತನಕ ಕ್ಲೋನ್‌ಗಳನ್ನೇ ಇಟ್ಟುಕೊಳ್ಳುವುದು ಜಾಣತನ. ಆಲ್ಟ್ ಮತ್ತು ಡಿ ಒತ್ತಿದರೆ ಕ್ಲೋನ್. ಜೊತೆಗೆ ಶಿಫ್ಟ್ ಸೇರಿಸಿದರೆ ಆ ನಂಟು ಕಡಿಯುತ್ತದೆ.

ಗಂಡಭೇರುಂಡದ ಅರ್ಧ ಬರೆದು ಕನ್ನಡಿ ಮಾಡಿದೆ, ಎರಡೂ ಸೇರುವಲ್ಲಿ ಸಣ್ಣ ಮೂಗು ಎದ್ದಿದೆ

ಅರ್ಧವನ್ನು ಬರೆದು ತಿರುಗಿಸಿದ್ದು ಸರಿಯಾದ ದಾರಿಯೇ. ಮೂಗು ಏಳುವುದಕ್ಕೆ ಕಾರಣ ಒಂದೇ: ನಡುಗೆರೆಯ ಮೇಲಿನ ನೋಡ್‌ನಲ್ಲಿ ಹ್ಯಾಂಡಲ್ ಓರೆಯಾಗಿದೆ. ನಡುಗೆರೆ ನೆಟ್ಟಗೆ ನಿಂತಿದ್ದರೆ ಅಲ್ಲಿನ ಹ್ಯಾಂಡಲ್ ಸರಿಯಾಗಿ ಅಡ್ಡಕ್ಕೆ ಮಲಗಿರಬೇಕು. ಕಂಟ್ರೋಲ್ ಒತ್ತಿಕೊಂಡು ಎಳೆದರೆ ಅದು ತಾನಾಗಿ ಅಡ್ಡಕ್ಕೆ ಕಚ್ಚಿಕೊಳ್ಳುತ್ತದೆ. ಪಾತ್ ಎಫೆಕ್ಟ್‌ಗಳಲ್ಲಿ 'ಮಿರರ್ ಸಿಮಿಟ್ರಿ' ಬಳಸಿದರೆ ಅರ್ಧವನ್ನು ತಿದ್ದುತ್ತಿರುವಾಗಲೇ ಇನ್ನರ್ಧವೂ ಕಾಣುವುದರಿಂದ ಈ ತಪ್ಪು ಮೊದಲೇ ಗೊತ್ತಾಗುತ್ತದೆ.

ಚುಕ್ಕಿ ರಂಗೋಲಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆಯೋದು? ನೇರ ಚುಕ್ಕಿ ಬಂತು, ಸಂದು ಚುಕ್ಕಿ ಬರ್ತಿಲ್ಲ

ನೇರ ಚುಕ್ಕಿಗೆ ಚೌಕದ ಗ್ರಿಡ್ ಸಾಕು. ಸಂದು ಚುಕ್ಕಿಯಲ್ಲಿ ಕೆಳಗಿನ ಸಾಲಿನ ಚುಕ್ಕಿಯು ಮೇಲಿನ ಎರಡರ ನಡುವೆ ಬರುತ್ತದೆ; ಅಕ್ಕಪಕ್ಕದ ಮೂರು ಚುಕ್ಕಿಗಳು ಸಮಬಾಹು ತ್ರಿಕೋನವಾಗಬೇಕಾದರೆ ಸಾಲಿನಿಂದ ಸಾಲಿಗೆ ಇರುವ ದೂರ ಚುಕ್ಕಿಯಿಂದ ಚುಕ್ಕಿಗೆ ಇರುವ ದೂರದ 0.866 ಪಾಲು ಇರಬೇಕು. ಚೌಕದ ಗ್ರಿಡ್ಡಿನಲ್ಲಿ ಇದು ಕೂರುವುದಿಲ್ಲ, ಬಲವಂತವಾಗಿ ಕೂರಿಸಿದರೆ ರಂಗೋಲಿ ಎತ್ತರಕ್ಕೆ ಎಳೆದಂತಾಗುತ್ತದೆ. ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ 'ಆಕ್ಸೊನೊಮೆಟ್ರಿಕ್' ಗ್ರಿಡ್ ಸೇರಿಸಿ ಎರಡೂ ಕೋನಗಳನ್ನು 30 ಡಿಗ್ರಿಗೆ ಇಟ್ಟರೆ ತ್ರಿಕೋನಗಳ ಬಲೆ ಸಿಗುತ್ತದೆ. ಅದರಲ್ಲಿ ಒಂದು ಗೆರೆ ನಿಂತಿರುವುದರಿಂದ ಬರೆದು ಮುಗಿಸಿದ ಮೇಲೆ ರಂಗೋಲಿಯನ್ನು 90 ಡಿಗ್ರಿ ತಿರುಗಿಸಬೇಕು. ಏಳರಿಂದ ನಾಲ್ಕು ಸಂದು ಚುಕ್ಕಿ ಎಂದರೆ 4, 5, 6, 7, 6, 5, 4, ಒಟ್ಟು 37 ಚುಕ್ಕಿ. ಎಣಿಸಿ ನೋಡಿ, ಒಂದು ತಪ್ಪಿದರೂ ಎಳೆ ಕೂಡುವುದಿಲ್ಲ.

ಚುಕ್ಕಿಯನ್ನು ಸುತ್ತಿ ಹೋಗುವ ಎಳೆ ರಂಗೋಲಿಯಲ್ಲಿ ಹೆಚ್ಚಿನವರು ನೋಡ್‌ಗಳನ್ನು ಚುಕ್ಕಿಯ ಸುತ್ತ ಇಡುತ್ತಾರೆ. ನೋಡ್ ಇರಬೇಕಾದದ್ದು ಎರಡು ಚುಕ್ಕಿಗಳ ನಟ್ಟನಡುವೆ, ಎಳೆಗಳು ಒಂದನ್ನೊಂದು ದಾಟುವ ಜಾಗದಲ್ಲಿ. ನೇರ ಚುಕ್ಕಿಯಲ್ಲಿ ಎಳೆ ಆ ಜಾಗವನ್ನು 45 ಡಿಗ್ರಿ ಓರೆಯಲ್ಲಿ ಹಾಯುತ್ತದೆ, ಹ್ಯಾಂಡಲೂ ಅದೇ ಓರೆಯಲ್ಲಿರಲಿ. ಚುಕ್ಕಿಗಳ ನಡುವೆ 20 ಮಿಲಿಮೀಟರ್ ಇದ್ದರೆ ಗ್ರಿಡ್ಡನ್ನು 10ಕ್ಕೆ ಇಟ್ಟುಕೊಳ್ಳಿ, ನಡುಬಿಂದುಗಳೂ ಗ್ರಿಡ್ಡಿನ ಮೇಲೆಯೇ ಬೀಳುತ್ತವೆ. ಇಷ್ಟಾದರೆ ಒಂದು ತಿರುವನ್ನು ಬರೆದು ಉಳಿದೆಲ್ಲವನ್ನೂ ಅದರ ಕ್ಲೋನ್‌ಗಳಿಂದಲೇ ಕಟ್ಟಬಹುದು.

ಸೋಮನಾಥಪುರದ ಗುಡಿಯ ನಕ್ಷತ್ರದ ಆಕಾರ ಬೇಕಿತ್ತು. ಕಂಟ್ರೋಲ್ ಹಿಡಿದು ತಿರುಗಿಸಿದರೆ ಕೋನ ಸರಿ ಬರಲ್ಲ

ಆ ಕೇಶವ ದೇವಾಲಯ 1258ರದು. ಅದರ ಗರ್ಭಗುಡಿಗಳ ಹೊರಗೋಡೆ ಹದಿನಾರು ಮೊನೆಯ ನಕ್ಷತ್ರದ ಮೇಲೆ ನಿಂತಿದೆ. ಒಂದೇ ಕೇಂದ್ರದಲ್ಲಿ ನಾಲ್ಕು ಚೌಕಗಳನ್ನು ಒಂದರ ಮೇಲೊಂದಿಟ್ಟು ಪ್ರತಿಯೊಂದನ್ನೂ ಹಿಂದಿನದಕ್ಕಿಂತ 22.5 ಡಿಗ್ರಿ ತಿರುಗಿಸಿ, ಪಾತ್ ಮೆನುವಿನ 'ಯೂನಿಯನ್'ನಿಂದ ಒಂದುಗೂಡಿಸಿದರೆ ಆ ಹೊರಗೆರೆ ಸಿಗುತ್ತದೆ. ಕಂಟ್ರೋಲ್ ಒತ್ತಿ ತಿರುಗಿಸಿದಾಗ ಆಕಾರವು 15 ಡಿಗ್ರಿಯ ಹೆಜ್ಜೆಗಳಲ್ಲಿ ನಿಲ್ಲುತ್ತದೆ, 22.5 ಆ ಸಾಲಿನಲ್ಲಿಲ್ಲ. ಟ್ರಾನ್ಸ್‌ಫಾರ್ಮ್ ಕಿಟಕಿಯಲ್ಲಿ ಅಂಕಿಯನ್ನೇ ಬರೆಯಿರಿ. ನಕ್ಷತ್ರದ ಸಲಕರಣೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಮೊನೆಯ ಚೂಪನ್ನು ಊಹಿಸಿ ಹೊಂದಿಸಬೇಕಾಗುತ್ತದೆ, ಚೌಕಗಳಿಂದ ಕಟ್ಟಿದರೆ ಪ್ರತಿ ಮೊನೆಯೂ ತಾನಾಗಿ ಲಂಬಕೋನವಾಗಿ ಬರುತ್ತದೆ.

ಸೀರೆ ಅಂಚಿನ ಬಳ್ಳಿ ಮುಂದೆ ಮುಂದೆ ಹೋಗಬೇಕು, ಎಲೆ ಒಂದು ಸಲ ಮೇಲೆ ಒಂದು ಸಲ ಕೆಳಗೆ. ಎಷ್ಟು ಬರೆಯಬೇಕು?

ಒಂದು ಎಲೆ ಮತ್ತು ಅರ್ಧ ಅಲೆಯಷ್ಟು ದಂಟು. ಅಷ್ಟೇ. ಅದನ್ನು ನಕಲು ತೆಗೆದು, ವಿ ಕೀಲಿ ಒತ್ತಿ ತಲೆಕೆಳಗು ಮಾಡಿ, ಅರ್ಧ ಅಲೆಯಷ್ಟು ಮುಂದಕ್ಕೆ ಸರಿಸಿದರೆ ಒಂದು ಪೂರ್ತಿ ಘಟಕವಾಗುತ್ತದೆ; ಎರಡನ್ನೂ ಗುಂಪು ಮಾಡಿ ಬೇಕಾದಷ್ಟು ಉದ್ದಕ್ಕೆ ಮರುಕಳಿಸಿ. ಗಣಿತದಲ್ಲಿ ಇದಕ್ಕೆ ಜಾರುವ ಪ್ರತಿಬಿಂಬ ಎನ್ನಬಹುದು. ಒಂದೇ ದಿಕ್ಕಿಗೆ ಹರಿಯುವ ಪಟ್ಟಿಯನ್ನು ಮರುಕಳಿಸುವ ವಿಧಾನಗಳು ಒಟ್ಟು ಏಳೇ ಇವೆ, ಅವುಗಳಲ್ಲಿ ಇದೊಂದು. ಸೋಮನಾಥಪುರದ ಗೋಡೆಯ ಬುಡದಲ್ಲಿ ಆನೆ, ಕುದುರೆಗಳ ಸಾಲಿನ ಮೇಲೆ ಹರಿಯುವ ಬಳ್ಳಿಯ ಪಟ್ಟಿಯನ್ನು ಈ ಕಣ್ಣಿನಿಂದ ಒಮ್ಮೆ ನೋಡಿ ಬನ್ನಿ.

ಜೋಡಣೆಯಲ್ಲಿ ದಂಟು ಮುರಿಯದಿರಬೇಕಾದರೆ ಘಟಕದ ಎರಡು ತುದಿಗಳಲ್ಲಿ ಮೂರು ಸಂಗತಿಗಳು ಹೊಂದಬೇಕು: ಎತ್ತರ, ಗೆರೆಯ ದಪ್ಪ, ಹ್ಯಾಂಡಲಿನ ಓರೆ. ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ನಾನಂತೂ ದಂಟು ನಡುಮಟ್ಟವನ್ನು ದಾಟುವ ಜಾಗದಲ್ಲಿಯೇ ಘಟಕವನ್ನು ಕತ್ತರಿಸುತ್ತೇನೆ. ಅಲ್ಲಿ ಗೆರೆ ಬಹುಪಾಲು ನೇರವಾಗಿರುವುದರಿಂದ ಸಣ್ಣ ತಪ್ಪು ಕಣ್ಣಿಗೆ ಹೊಡೆಯುವುದಿಲ್ಲ.

ಅರಮನೆಯ ದೀಪಾಲಂಕಾರದ ಹಾಗೆ ಕಮಾನಿನ ಮೇಲೆ ಸಮದೂರಕ್ಕೆ ಬಲ್ಬು ಕೂರಿಸೋದು ಹೇಗೆ?

ಸುಮಾರು ಒಂದು ಲಕ್ಷ ದೀಪಗಳ ಅರಮನೆಯನ್ನು ದಸರಾ ಪೋಸ್ಟರಿಗಾಗಿ ಬರೆಯುವವರು ಪ್ರತಿ ವರ್ಷ ಇದನ್ನು ಕೇಳುತ್ತಾರೆ. ಕಮಾನಿನ ಗೆರೆಯನ್ನು ಒಂದು ಪಾತ್ ಆಗಿ, ಬಲ್ಬನ್ನು ಸಣ್ಣ ವೃತ್ತವಾಗಿ ಬರೆದು, ಎಕ್ಸ್‌ಟೆನ್ಷನ್ಸ್ ಮೆನುವಿನ 'ಜನರೇಟ್ ಫ್ರಮ್ ಪಾತ್' ಅಡಿಯಲ್ಲಿರುವ 'ಸ್ಕ್ಯಾಟರ್' ಬಳಸಿ. ಅದರಲ್ಲಿ ನಡುವಿನ ಅಂತರಗಳನ್ನು ಗೆರೆಯ ಉದ್ದಕ್ಕೆ ತಕ್ಕಂತೆ ಹಿಗ್ಗಿಸುವ ಆಯ್ಕೆಯನ್ನು ಒತ್ತಿದರೆ ಕೊನೆಯಲ್ಲಿ ಅರ್ಧ ಜಾಗ ಉಳಿಯುವುದಿಲ್ಲ. 'ಪ್ಯಾಟರ್ನ್ ಅಲಾಂಗ್ ಪಾತ್' ಎಂಬ ಇನ್ನೊಂದು ಎಫೆಕ್ಟ್ ಆಕಾರವನ್ನೇ ಗೆರೆಯ ಜೊತೆ ಬಗ್ಗಿಸುತ್ತದೆ. ಬಳ್ಳಿಗೆ ಅದು ಚೆಂದ, ಬಲ್ಬಿಗೆ ಬೇಡ, ಏಕೆಂದರೆ ಕಮಾನಿನ ಕಡಿದಾದ ತಿರುವಿನಲ್ಲಿ ದುಂಡು ಬಲ್ಬು ಅವರೆಕಾಳಾಗುತ್ತದೆ.

ಒಡಲಿನ ತುಂಬ ಬುಟ್ಟಾ ಹಾಕಬೇಕು. ಚೌಕದ ಒಳಗೆ ಬರೆದು ಜೋಡಿಸಿದರೆ ಜೋಡಣೆ ಗೆರೆಗಳು ಎದ್ದು ಕಾಣ್ತವೆ

ಚೌಕದ ಅಂಚಿಗೆ ಹೆದರಿ ಎಲ್ಲವನ್ನೂ ಒಳಗೇ ತುರುಕಿದಾಗ ಅಂಚಿನುದ್ದಕ್ಕೂ ಖಾಲಿ ಓಣಿ ಉಳಿದು ಹೀಗಾಗುತ್ತದೆ. ಕೆಲವು ಎಲೆಗಳು ಬೇಕೆಂದೇ ಅಂಚನ್ನು ದಾಟಲಿ. ಬಲಗಡೆಗೆ ದಾಟಿದ ಪ್ರತಿಯೊಂದರ ನಕಲನ್ನು ಚೌಕದ ಅಗಲದಷ್ಟೇ, ಅಂದರೆ 80 ಮಿಲಿಮೀಟರಿನ ಚೌಕವಾದರೆ ಸರಿಯಾಗಿ ಮೈನಸ್ 80 ಎಂದು ಟ್ರಾನ್ಸ್‌ಫಾರ್ಮ್ ಕಿಟಕಿಯಲ್ಲಿ ಕೊಟ್ಟು, ಎಡಕ್ಕೆ ಸರಿಸಿ. ಮೇಲೆ ಕೆಳಗೆ ದಾಟಿದವಕ್ಕೂ ಹಾಗೆಯೇ. ಬುಟ್ಟಾಗಳನ್ನು ಸಂದು ಚುಕ್ಕಿಯಂತೆ ಅರ್ಧ ಹೆಜ್ಜೆ ಸರಿಸಿ ಇಟ್ಟರೆ ಸಾಲುಗಳು ಕಣ್ಣಿಗೆ ಕಟ್ಟುವುದು ಇನ್ನೂ ಕಡಿಮೆ.

ಸಮತಲವನ್ನು ಎರಡು ದಿಕ್ಕಿಗೂ ಮರುಕಳಿಸಿ ತುಂಬುವ ಸಮ್ಮಿತಿಗಳು ಹದಿನೇಳೇ ಎಂದು ರಷ್ಯದ ಫೆದೊರೋವ್ 1891ರಲ್ಲಿ ಸಾಧಿಸಿ ತೋರಿಸಿದರು. ಇಂಕ್‌ಸ್ಕೇಪ್‌ನ ಟೈಲ್ಡ್ ಕ್ಲೋನ್ಸ್ ಪಟ್ಟಿಯಲ್ಲಿ ಕಾಣುವ ಹದಿನೇಳು ಹೆಸರುಗಳು ಅವೇ. ಹೆಸರುಗಳನ್ನು ಬಾಯಿಪಾಠ ಮಾಡುವುದು ಬೇಡ. ಒಂದು ಓರೆ ಎಲೆಯನ್ನು ಬರೆದುಕೊಂಡು ಹದಿನೇಳನ್ನೂ ಒಂದು ಮಧ್ಯಾಹ್ನ ಒತ್ತಿ ನೋಡಿದರೆ ಸಾಕು.

## ಅಚ್ಚಿಗೆ, ಮಗ್ಗಕ್ಕೆ, ಮರಕ್ಕೆ

ಎರಡು ಚೌಕದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತೆ. ಅಳತೆ ಎಲ್ಲ ಸರಿಯಾಗಿಯೇ ಇದೆ

ಅಳತೆ ಸರಿಯಾಗಿರುವುದೇ ಇಲ್ಲಿ ತೊಂದರೆ. ಪರದೆಯು ಅಂಚುಗಳನ್ನು ಮೃದುವಾಗಿ ತೋರಿಸಲು ಬಣ್ಣವನ್ನು ತುಸು ತೆಳುಮಾಡುತ್ತದೆ. ಎರಡು ತೆಳು ಅಂಚುಗಳು ತಾಗಿದಲ್ಲಿ ಹಿಂದಿನ ಬಿಳುಪು ಇಣುಕುತ್ತದೆ. ಹಿನ್ನೆಲೆಯ ಬಣ್ಣವನ್ನು ಚೌಕಕ್ಕೊಂದರಂತೆ ಕೊಡದೆ ಇಡೀ ಹಾಳೆಗೆ ಒಂದೇ ಆಯತವಾಗಿ ಕೊಡಿ. ಅದಾಗದಿದ್ದರೆ ಚೌಕಗಳು 0.1 ಮಿಲಿಮೀಟರಿನಷ್ಟು ಒಂದರ ಮೇಲೊಂದು ಬರಲಿ.

ಬರೆದ ಬಳ್ಳಿಯನ್ನು ಮಗ್ಗಕ್ಕೆ ಕೊಡಬಹುದಾ?

ನೇರವಾಗಿ ಕೊಡಲಾಗದು. 1804ರ ಹೊತ್ತಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಜಕಾರ್ಡ್ ಯಂತ್ರಕ್ಕೆ ತಿಳಿಯುವುದು ಎಳೆ ಮೇಲೋ ಕೆಳಗೋ ಎಂಬುದೊಂದೇ, ಬಾಗು ಅದಕ್ಕೆ ಗೊತ್ತಿಲ್ಲ. ಹಾಸಿನ ಒಂದು ಎಳೆಗೆ ಒಂದು ಕಂಬ, ಹೊಕ್ಕಿನ ಒಂದು ಎಳೆಗೆ ಒಂದು ಸಾಲು ಇರುವ ಚೌಕಳಿಗೆ ಚಿತ್ರವನ್ನು ಇಳಿಸಬೇಕು. ಆದ್ದರಿಂದ ಬರೆಯುವ ಮೊದಲೇ ನೇಕಾರರನ್ನು ಹಾಸಿನ ಎಳೆ ಎತ್ತುವ ಕೊಕ್ಕೆಗಳ ಸಂಖ್ಯೆ ಮತ್ತು ಇಂಚಿಗೆ ಎಷ್ಟು ಎಳೆ ಎಂದು ಕೇಳಿ. ಉದಾಹರಣೆಗೆ 240 ಕೊಕ್ಕೆ ಮತ್ತು ಇಂಚಿಗೆ 80 ಎಳೆ ಎಂದಾದರೆ ಒಂದು ಘಟಕದ ಅಗಲ 3 ಇಂಚನ್ನು ಮೀರುವಂತಿಲ್ಲ. ಚಿತ್ರವನ್ನು 240 ಪಿಕ್ಸೆಲ್ ಅಗಲಕ್ಕೆ, ಅಂಚು ಮೃದುಗೊಳಿಸುವುದನ್ನು ನಿಲ್ಲಿಸಿ, ರಫ್ತು ಮಾಡಿ. ಇಂಚಿಗೆ ಹೊಕ್ಕಿನ ಎಳೆಗಳು ಬೇರೆ ಸಂಖ್ಯೆಯಲ್ಲಿದ್ದರೆ ಎತ್ತರದ ಪಿಕ್ಸೆಲ್ಲುಗಳೂ ಅದೇ ಪ್ರಮಾಣದಲ್ಲಿ ಬದಲಾಗಬೇಕು, ಇಲ್ಲವಾದರೆ ದುಂಡು ಹೂವು ನೇಯ್ದ ಮೇಲೆ ಮೊಟ್ಟೆಯಾಗುತ್ತದೆ. ಒಂದೇ ಎಳೆಯ ದಪ್ಪದ ಗೆರೆಗಳನ್ನು ಕೈಯಿಂದ ತಿದ್ದುವ ಕೆಲಸ ಆಮೇಲೂ ಉಳಿದೇ ಇರುತ್ತದೆ.

ಲೇಸರ್‌ನಲ್ಲಿ ಮರ ಕತ್ತರಿಸಿದಾಗ ಕೆಲವು ಕಡೆ ಸುಟ್ಟು ಕಪ್ಪಾಗಿದೆ

ಅಲ್ಲಿ ಎರಡು ಗೆರೆಗಳು ಒಂದರ ಮೇಲೊಂದಿವೆ, ಯಂತ್ರ ಎರಡು ಸಲ ಓಡಿದೆ. ಕ್ಲೋನ್‌ಗಳ ನಂಟು ಕಡಿದು, ತಾಗುವ ಆಕಾರಗಳನ್ನು 'ಯೂನಿಯನ್' ಮಾಡಿ. ಹೂವಿನ ಮೂಲ ದಳದ ಮೇಲೆ ಕೂತ ಮೊದಲ ಕ್ಲೋನ್ ಈ ತೊಂದರೆಯ ಮಾಮೂಲಿ ಆರೋಪಿ.

ಪ್ರೆಸ್‌ಗೆ ಕಳಿಸಿದ ಕಡತದಲ್ಲಿ ಕನ್ನಡ ಅಕ್ಷರ ಚೆಲ್ಲಾಪಿಲ್ಲಿ, ಚಿತ್ರವೂ ಚಿಕ್ಕದಾಗಿದೆ ಅಂತಾರೆ

ಇವು ಎರಡು ಬೇರೆ ತೊಂದರೆಗಳು. ಅಕ್ಷರಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೂ ಆ ಫಾಂಟ್ ಅಲ್ಲಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಕಳಿಸುವ ಪ್ರತಿಯಲ್ಲಿ 'ಆಬ್ಜೆಕ್ಟ್ ಟು ಪಾತ್' ಮಾಡಿ ಅಕ್ಷರವನ್ನೂ ಚಿತ್ರವಾಗಿಸಿ. ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಒಮ್ಮೆ ಇದನ್ನು ಮರೆತು, ಮದುಮಗಳ ಹೆಸರಿನಲ್ಲಿ ಒತ್ತಕ್ಷರ ತಪ್ಪಾಗಿರುವುದು ತಿಳಿದ ಮೇಲೆ ಇಡೀ ಪತ್ರಿಕೆಯನ್ನು ಹೊಸದಾಗಿ ಜೋಡಿಸಿದ್ದೇನೆ.

ಅಳತೆಯ ವಿಷಯ: ಇಂಕ್‌ಸ್ಕೇಪ್ 2017ರ 0.92 ಆವೃತ್ತಿಯಿಂದ ಒಂದು ಇಂಚನ್ನು 96 ಘಟಕಗಳೆಂದು ಎಣಿಸುತ್ತದೆ, ಅದಕ್ಕೆ ಮೊದಲು 90 ಇತ್ತು. ಹಳೆಯ ಕಡತವನ್ನು ತೆರೆಯುವಾಗ ಅಳತೆ ಸರಿಪಡಿಸಬೇಕೆ ಎಂದು ಅದು ಕೇಳುವ ಪ್ರಶ್ನೆಯನ್ನು ಓದದೆ ಮುಚ್ಚಿದರೆ 100 ಮಿಲಿಮೀಟರಿನ ಅಂಚು 93.75ಕ್ಕೆ ಇಳಿದಿರಬಹುದು.

ಕೈಯಲ್ಲಿ ಬರೆದದ್ದನ್ನು ಫೋಟೋ ತೆಗೆದು 'ಟ್ರೇಸ್ ಬಿಟ್‌ಮ್ಯಾಪ್' ಕೊಟ್ಟರೆ ಸಾಲದಾ?

ಬಿಡಿ ಚಿತ್ರಕ್ಕೆ ಸಾಕು. ಮರುಕಳಿಸುವ ವಿನ್ಯಾಸಕ್ಕೆ ಸಾಲದು, ಏಕೆಂದರೆ ಅದು ಕಾಗದದ ತರಿಯನ್ನೂ ಸೇರಿಸಿ ನೂರಾರು ನೋಡ್‌ಗಳನ್ನು ಕೊಡುತ್ತದೆ, ಮತ್ತು ಗೆರೆಯನ್ನು ಗೆರೆಯಾಗಿ ಕೊಡದೆ ಅದರ ಎರಡೂ ಬದಿಗಳ ಹೊರಗೆರೆಯಾಗಿ ಕೊಡುತ್ತದೆ. ಫೋಟೋವನ್ನು ಕೆಳಗಿನ ಲೇಯರಿನಲ್ಲಿ ಮಸುಕಾಗಿ ಇಟ್ಟು ಬೀಗ ಹಾಕಿ, ಮೇಲೆ ಪೆನ್ ಸಲಕರಣೆಯಿಂದ ಒಂದು ಘಟಕವನ್ನು ಮಾತ್ರ ಬರೆಯಿರಿ.

ಎಲ್ಲ ಎಲೆಯೂ ಒಂದೇ ತರ ಇದ್ದು ಜೀವವೇ ಇಲ್ಲ ಅನ್ನಿಸುತ್ತೆ. ಏನು ಮಾಡೋದು?

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳಲ್ಲಿಯೂ ಹೂಬಳ್ಳಿ ಮರುಕಳಿಸುತ್ತದೆ, ಆದರೆ ಪ್ರತಿ ಎಲೆಯನ್ನೂ ಕುಂಚ ಹೊಸದಾಗಿ ಬರೆದಿದೆ. ಟೈಲ್ಡ್ ಕ್ಲೋನ್ಸ್‌ನ ಅಳತೆ ಮತ್ತು ತಿರುಗುವಿಕೆಯ ಪುಟಗಳಲ್ಲಿ 'ರ‍್ಯಾಂಡಮೈಸ್' ಎಂಬ ಮನೆ ಇದೆ. ಅಳತೆಗೆ 2 ಅಥವಾ 3 ಶೇಕಡ ಕೊಟ್ಟರೆ ಯಂತ್ರದ ಬಿಗಿ ಸಡಿಲುತ್ತದೆ, 10 ದಾಟಿದರೆ ಗಾಳಿಗೆ ಕೆದರಿದಂತಾಗುತ್ತದೆ. ನನಗೆ ಇದಕ್ಕಿಂತ ಮೆಚ್ಚಿಕೆಯಾದ ದಾರಿ ಬೇರೆ: ತುಸು ಬೇರೆಯಾದ ಮೂರು ಎಲೆಗಳನ್ನು ಬರೆದು ಸರದಿಯಂತೆ ಬಳಸುವುದು. ದಂಟನ್ನು ಮಾತ್ರ ಮುಟ್ಟಬೇಡಿ. ದಂಟು ಅಲುಗದೆ ಹರಿಯುತ್ತಿದ್ದರೆ ಎಲೆಗಳು ಎಷ್ಟು ಓಲಾಡಿದರೂ ಅಂಚು ನೇರವಾಗಿಯೇ ಕಾಣುತ್ತದೆ.